ಸೆಲ್ವಿ ಮೇಡಂ ಮೇಲಿನ ನನ್ನ ಸೇಡು

ದಿಂಡಿಗಲ್ಲಿನ ಕಾಲೇಜು ಸೇರಿದ ನಾಲ್ಕನೇ ದಿನ, ಇಡೀ ತರಗತಿ ನೋಡುತ್ತಿರುವಂತೆ, ಒಬ್ಬ ಹೆಂಗಸು ನನ್ನ ತುಟಿಗಳ ಮುಂದೆ ಕಾಗದದ ಪಟ್ಟಿಯೊಂದನ್ನು ಹಿಡಿದು "ಪಾರ್ಕ್ ಅನ್ನು" ಎಂದರು. ಅಂದೆ. ಕಾಗದ ಅಲ್ಲಾಡಲಿಲ್ಲ. "ಟೇ ಅನ್ನು" ಎಂದರು. ಜರ್ಮನ್ನರು ಚಹಾಕ್ಕೆ ಹಾಗನ್ನುತ್ತಾರೆ. ಅಂದೆ. ಕಾಗದ ಆಗಲೂ ಅಲ್ಲಾಡಲಿಲ್ಲ. ಆಮೇಲೆ ಕೈಗನ್ನಡಿ ತಂದು ನನ್ನ ಬಾಯಿಯೊಳಗನ್ನು ನನಗೇ ತೋರಿಸಿ, ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ, "ನಾಲಿಗೆ ಜಿಲೇಬಿ ಥರ ಸುತ್ತಿಕೊಂಡಿದೆ ನೋಡಿ, ಹೀಗೆ ಮಾಡಬಾರದು" ಎಂದರು. ಉಂಡು, ಜಗಳವಾಡಿ, ಹಾಡು ಹೇಳಿ ಇಪ್ಪತ್ಮೂರು ವರ್ಷ ಬಳಸಿದ ಬಾಯಿ ಅದು. ಅದು ಕೆಟ್ಟ ಮಾದರಿ ಅಂತ ಅವತ್ತು ಗೊತ್ತಾಯಿತು. ಈ ಹೆಂಗಸನ್ನು ಸುಮ್ಮನೆ ಬಿಡಬಾರದು ಅಂತಲೂ ಅವತ್ತೇ ತೀರ್ಮಾನಿಸಿದೆ.

ಅವರು ಸೆಲ್ವಿ ಮೇಡಂ. ಜರ್ಮನ್ ಎಂ.ಎ.ಯಲ್ಲಿ ನಮಗೆ ಧ್ವನಿಶಾಸ್ತ್ರ ಮತ್ತು ಉಚ್ಚಾರಣೆ ಕಲಿಸುವವರು. ನಾನು ದಾವಣಗೆರೆಯವಳು, ಹೆಸರು ಸುಮಂಗಲಾ. ಬೆಂಗಳೂರಿನಲ್ಲಿ ಸೀಟು ಸಿಗಲಿಲ್ಲ, ದಿಂಡಿಗಲ್ಲಿನಲ್ಲಿ ಸಿಕ್ಕಿತು, ಬಂದೆ. ಜರ್ಮನ್ ಕಲಿಯಲು ತಮಿಳುನಾಡಿಗೆ ಯಾಕೆ ಹೋದೆ ಅಂತ ಊರಲ್ಲಿ ಕೇಳುವವರಿಗೆಲ್ಲ ಇಷ್ಟೇ ಉತ್ತರ.

ಹಾಸ್ಟೆಲ್ ತುಂಬಿತ್ತು. ಕಾಲೇಜಿನ ಗುಮಾಸ್ತರೊಬ್ಬರು "ನೀವು ಕನ್ನಡದವರಲ್ಲವಾ" ಎಂದು ನಿಲಕ್ಕೋಟ್ಟೈ ಹತ್ತಿರದ ಒಂದು ಮನೆಗೆ ಕಳಿಸಿದರು. ಅಲ್ಲಿಂದ ದಿಂಡಿಗಲ್ಲಿಗೆ ಒಂದು ಗಂಟೆಯ ಬಸ್ಸು. ಮಲ್ಲಿಗೆ ಬೆಳೆಯುವ ಕುಟುಂಬ. ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದು, ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಅಂತ ಬದುಕಿದವರು. ಈ ಕಡೆ, ಕಂಬಂ ಕಣಿವೆಯವರೆಗೂ, ಅಂಥ ಮನೆಗಳು ಬಹಳ ಇವೆ. ಮನೆಯ ಹಿರಿಯಾಕೆಯನ್ನು ಎಲ್ಲರೂ ಅವ್ವ ಅನ್ನುತ್ತಾರೆ, ನಾನೂ ಹಾಗೇ ಅಂದೆ. ಮೊಮ್ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

"ಉಂಡ್ಯಾ ಪುಳ್ಳ?" ಎಂಬುದು ಅವ್ವನ ಮೊದಲ ಮಾತು. ಪುಳ್ಳ ಅಂದರೆ ಹುಡುಗಿ, ತಮಿಳಿನದು. ನಾನು ಇಲ್ಲ ಅಂದೆ. "ಹಿಟ್ಟು ಐತೆ, ಕೊಳಂಬು ಐತೆ, ಕುಂದ್ರು." ಹಿಟ್ಟು ಅಂದರೆ ನಮ್ಮ ರಾಗಿ ಮುದ್ದೆ, ಕೊಳಂಬು ಅಂದರೆ ಹುಣಸೆಹುಳಿ ಮುಂದಾದ ಸಾರು. ನಮ್ಮೂರಲ್ಲಿ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದರೆ ಇಲ್ಲಿ ಮಜ್ಜಿಗೆಯಲ್ಲಿ ಕಲಸಿಯೂ ಕುಡಿಯುತ್ತಾರೆ. ತನ್ನ ಭಾಷೆಗೆ ಅವ್ವ ಕನ್ನಡ ಅನ್ನುತ್ತಿರಲಿಲ್ಲ, "ನಮ್ ಪೇಚ್ಚು" ಅನ್ನುತ್ತಿದ್ದಳು. ಪೇಚ್ಚು ಅಂದರೆ ಮಾತು.

ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ಕಾಲೇಜಿನ ಮೊದಲ ದಿನ ಎಲ್ಲರೂ ತಮ್ಮ ಪರಿಚಯ ಹೇಳುತ್ತಿದ್ದಾಗ, ಯಾರ ಗುರುತೂ ಇಲ್ಲದ ಕಡೆ ನಾಲ್ಕು ಜನರನ್ನು ನಗಿಸಿದರೆ ಜೊತೆ ಸಿಕ್ಕೀತು ಅಂದುಕೊಂಡು, ನಾನಿಳಿದುಕೊಂಡ ಮನೆಯ ಕಥೆ ಹೇಳಿದೆ. "ಅಲ್ಲೂ ಕನ್ನಡವಂತೆ, ನೂರಾರು ವರ್ಷ ಹೊರಗೇ ಇಟ್ಟು ಹಳಸಿಹೋದ ಕನ್ನಡ" ಅಂದೆ. ಅವ್ವನ ರಾಗ ಎಳೆದು ತೋರಿಸಿದೆ. ತರಗತಿ ನಕ್ಕಿತು. ಹಿಂದೆ ನಿಂತಿದ್ದ ಸೆಲ್ವಿ ಮೇಡಂ ನಗಲಿಲ್ಲ. ನಗು ಬರದ ಜನ್ಮ ಅಂದುಕೊಂಡು ಕೂತೆ.

ಕಾಗದದ ಪಟ್ಟಿ ಒಂದು ದಿನಕ್ಕೆ ಮುಗಿಯಲಿಲ್ಲ. ಜರ್ಮನ್‌ನ ಪ, ಟ, ಕಗಳನ್ನು ಉಸಿರು ಚಿಮ್ಮಿಸಿ ಹೇಳಬೇಕು, ಆಗ ಕಾಗದ ಹಾರುತ್ತದೆ. ನಮಗೆ ಮಹಾಪ್ರಾಣ ಇದೆಯಲ್ಲ ಅಂತ ಬೀಗಿದ್ದೆ. ಅದು ವರ್ಣಮಾಲೆಯಲ್ಲಿದೆ, ನನ್ನ ಬಾಯಲ್ಲಿಲ್ಲ ಎಂಬುದು ದಿಂಡಿಗಲ್ಲಿನಲ್ಲಿ ತಿಳಿಯಿತು. ತಮಿಳು ಹುಡುಗಿಯರದೂ ಹಾರುತ್ತಿರಲಿಲ್ಲ. ಅವರಿಗೆ ಎರಡು ಸಲ ಹೇಳಿಸಿದರೆ ನನಗೆ ಹತ್ತು ಸಲ. ಕೊನೆಗೆ ನನ್ನ ಓದನ್ನು ರೆಕಾರ್ಡ್ ಮಾಡಿಕೊಂಡು, ತಪ್ಪುಗಳ ಪಾಠ ಅಂತ ಬಿ.ಎ. ಮಕ್ಕಳಿಗೆ ಕೇಳಿಸಿದರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಬಿ.ಎ. ಹುಡುಗಿಯೊಬ್ಬಳು ನನ್ನ ದನಿಯಲ್ಲೇ "ಟೇ" ಕೇಳಿದಳು.

ನನಗೆ ಉಳಿದದ್ದು ಎರಡು ಆಯುಧ. ಒಂದು, ಬೈಗುಳ. ಮೇಡಂ ಪಕ್ಕದಲ್ಲಿ ಹಾದುಹೋಗುವಾಗೆಲ್ಲ ಮೆಲ್ಲಗೆ, ಅಪ್ಪಟ ದಾವಣಗೆರೆಯ ಕನ್ನಡದಲ್ಲಿ, "ನಿನ್ ನಾಲಿಗಿಗೆ ಲಕ್ವಾ ಹೊಡೀಲಿ" ಎಂದೋ "ಸೊಟ್ಟ ಮೂತಿಯವಳೇ" ಎಂದೋ ಗೊಣಗುತ್ತಿದ್ದೆ. ದಿಂಡಿಗಲ್ಲಿನಲ್ಲಿ ಯಾರಿಗೆ ಅರ್ಥವಾಗಬೇಕು? ಬಾಯಿಗೆ ಎಷ್ಟು ಹಿತವಾಗುತ್ತಿತ್ತು ಅಂತೀರಿ.

ಇನ್ನೊಂದು, ನೋಟ್‌ಬುಕ್ಕು. ಉಚ್ಚಾರಣೆಯನ್ನು ಕೇಳಿದ ಹಾಗೇ ಬರೆದಿಡುವ ಧ್ವನಿಲಿಪಿ ಕಲಿಸಿದವರು ಅವರೇ. ಅದೇ ಲಿಪಿಯಲ್ಲಿ ಅವರದೇ ತಪ್ಪುಗಳನ್ನು ಬರೆದಿಡತೊಡಗಿದೆ. ದಣಿದಾಗ ಪದದ ಕೊನೆಗೆ ಒಂದು ಉಕಾರ ಅಂಟಿಸುತ್ತಿದ್ದರು. ಇಂಗ್ಲಿಷಿನ ಝಡ್‌ನಂತೆ ಗುಂಯ್‌ಗುಟ್ಟಬೇಕಾದ ಸಕಾರ ಬರೀ ಸಕಾರವೇ ಆಗುತ್ತಿತ್ತು. ತಾರೀಖು, ಗಂಟೆ, ಪದ, ತಪ್ಪು, ಎಲ್ಲವೂ ಇತ್ತು. ವರ್ಷದ ಕೊನೆಗೆ ಒಂದು ಪ್ರಬಂಧ ಒಪ್ಪಿಸಬೇಕು, ಹೊರಗಿನ ಪರೀಕ್ಷಕರು ಅದನ್ನು ಓದಿ, ನಮ್ಮ ಉಚ್ಚಾರಣೆಯನ್ನೂ ಎದುರಿಗೆ ಕೂರಿಸಿ ಕೇಳುತ್ತಾರೆ. ಅದರಲ್ಲಿ ಫೇಲಾದರೆ ಎರಡನೇ ವರ್ಷಕ್ಕೆ ಬಿಡುವುದಿಲ್ಲ. ಪಾಸಾಗಬೇಕು, ಅದೇ ದಿನ ಮೇಡಂ ಮಾನ ತೆಗೆಯಬೇಕು. ಬೇರೆ ಆಸೆಯೇ ನನಗಿರಲಿಲ್ಲ.

ಎಲ್ಲ ಧ್ವನಿಗಳೂ ಒಂದೊಂದಾಗಿ ಬಂದವು, ಒಂದು ಮಾತ್ರ ಬರಲಿಲ್ಲ. ಬಾಗಿಲಿಗೆ ಜರ್ಮನ್‌ನಲ್ಲಿ ಹೇಳುವ ಪದದ ನಡುವೆ ಒಂದು ಸ್ವರವಿದೆ. ನಾಲಿಗೆ ಇಕಾರಕ್ಕೆ ನಿಲ್ಲಬೇಕು, ತುಟಿ ಉಕಾರಕ್ಕೆ ಮುಂದಾಗಬೇಕು. ನನ್ನ ಬಾಯಲ್ಲಿ ಅದು ಸದಾ ಟ್ಯೂರ್. ಒಂದು ಸಂಜೆ ಜಗಲಿಯಲ್ಲಿ ಅವ್ವನ ಜೊತೆ ಮಲ್ಲಿಗೆ ಕಟ್ಟುತ್ತ ಅದನ್ನೇ ಗೊಣಗುತ್ತಿದ್ದೆ. ಹೂ ಕಟ್ಟುವಾಗ ನೆನೆಸಿದ ಬಾಳೆನಾರಿನ ಮುಂದಿನ ಎಳೆಯನ್ನು ಬಾಯಲ್ಲಿ ಇಟ್ಟುಕೊಳ್ಳುವುದು ಆ ಮನೆಯ ರೂಢಿ. ನಾನು ಹಲ್ಲಲ್ಲಿ ಕಚ್ಚಿದ್ದೆ.

"ಕಚ್ಚಬ್ಯಾಡ ಪುಳ್ಳ, ನಾರು ಕಿತ್ತೋತದೆ" ಅಂದಳು ಅವ್ವ. "ತುಟೀಲಿ ಹಿಡಿ. ಮುಂದ್ಕ ಚಾಚು, ಹಾಂ, ಹಂಗೆ. ಈಗ ಏನ್ ಬೇಕೋ ಪೇಸು."

ಪೇಸು ಅಂದರೆ ಮಾತಾಡು. ತುಟಿಯಲ್ಲಿ ನಾರು ಹಿಡಿದೇ ಇಕಾರ ಹೇಳಿದೆ. ಬಂತು. ಒಂದು ವರ್ಷ ಕಾಡಿದ ಸ್ವರ ಆ ಜಗಲಿಯಲ್ಲಿ ಬಂತು. ನಾನು ಅವ್ವನನ್ನು ತಬ್ಬಿಕೊಂಡರೆ ಆಕೆ "ಹೂ ನಲುಗೋತದೆ, ಬುಡು" ಎಂದು ಬೈದಳು. ಅಷ್ಟು ಹೊತ್ತಿಗೆ ನಾನು ಅವಳ ಮಾತನ್ನು ನಗುವುದಕ್ಕಲ್ಲ, ಸುಮ್ಮನೆ ಆಡತೊಡಗಿದ್ದೆ. ಮಾತಾಡುವುದು ಹೋಗಿ ಪೇಸುವುದು ಬಂದಿತ್ತು.

ಪ್ರಬಂಧಕ್ಕೆ ಮಾರ್ಗದರ್ಶಕರ ಸಹಿ ಬೇಕು, ನನ್ನ ಮಾರ್ಗದರ್ಶಕರು ಮೇಡಂ ಅವರೇ. ಅದಕ್ಕೇ ಕಾಯುತ್ತಿದ್ದೆ. ಪರೀಕ್ಷೆಯ ಹಿಂದಿನ ದಿನ ಸ್ಟಾಫ್‌ರೂಮಿನಲ್ಲಿ ಮೇಡಂ ಒಬ್ಬರೇ ಇದ್ದಾಗ ಮೇಜಿನ ಮೇಲೆ ಇಟ್ಟೆ. ಶೀರ್ಷಿಕೆ ಹೀಗಿತ್ತು: ತಮಿಳು ಮಾತೃಭಾಷೆಯ ಶಿಕ್ಷಕಿಯೊಬ್ಬರ ಜರ್ಮನ್ ಉಚ್ಚಾರಣೆಯ ದೋಷಗಳು. ಹೆಸರು ಹಾಕಿರಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. ಅವರ ಮುಖ ನೋಡುತ್ತ ನಿಂತೆ.

ಅವರು ಪೂರ್ತಿ ಓದಿದರು. ಎರಡು ಕಡೆ ನಾನು ತಪ್ಪಾಗಿ ಬರೆದ ಧ್ವನಿಲಿಪಿಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿದರು. ನಾನು ಗಮನಿಸದೆ ಬಿಟ್ಟ ತಮ್ಮದೇ ಮೂರು ತಪ್ಪುಗಳನ್ನು ಸೇರಿಸಿದರು. ಆಮೇಲೆ ಮೊದಲ ಪುಟಕ್ಕೆ ಬಂದು, ಶೀರ್ಷಿಕೆಯಲ್ಲಿದ್ದ ತಮಿಳು ಎಂಬ ಪದವನ್ನು ಹೊಡೆದು, ಮೇಲೆ ಕನ್ನಡ ಎಂದು ಬರೆದರು.

"ನಮ್ದು ಕಂಬಂ ಪುಳ್ಳ" ಅಂದರು, ಅವ್ವನ ಅದೇ ರಾಗದಲ್ಲಿ. "ನೀ ಹಳಸೋಯ್ತು ಅಂದ್ಯಲ್ಲ, ಆ ಪೇಚ್ಚೇ ನಂದು."

"ಮೇಡಂ, ಅಂದ್ರೆ ನಾನ್ ಬೈದದ್ದು..."

"ಲಕ್ವಾ ಹೊಡೀಲಿ ಅಂದೆ. ಸೊಟ್ಟ ಮೂತಿ ಅಂದೆ. ಎಲ್ಲಾ ಕೇಳ್ತು." ದನಿ ಏರಲಿಲ್ಲ. "ನನ್ ಚಿಕ್ಕಂದ್ನಲ್ಲಿ ಮೈಸೂರ್ಕಡೆಯಿಂದ ನೆಂಟ್ರೊಬ್ರು ಬಂದಿದ್ರು. ನನ್ ಹೆತ್ತವ್ವ ಪೇಸಿದ್ದಕ್ಕೆ ಬಿದ್ದು ಬಿದ್ದು ನಕ್ಕರು. ಅವತ್ತಿಂದ ನಮ್ಮವ್ವ ನೆಂಟರ ಮುಂದೆ ಬಾಯ್ ತೆಗೀಲಿಲ್ಲ. ನೀ ಬಂದು ತಿರುಗಾ ನಕ್ಕೆ. ಬುಡ್ತೀನಾ ನಿನ್ನ?"

ಸಹಿ ಹಾಕಿ ಪ್ರಬಂಧವನ್ನು ನನ್ನ ಕಡೆ ತಳ್ಳಿದರು. "ಕೊಡು, ಪರೀಕ್ಷಕರು ಓದಲಿ. ಕೆಲಸ ಚೆನ್ನಾಗಿ ಮಾಡಿದ್ದೀ."

ನಾನು ಅಲ್ಲಿ ಅತ್ತು, ಕ್ಷಮೆ ಕೇಳಿ, ಪ್ರಬಂಧ ಹಿಂದಕ್ಕೆ ಪಡೆದೆ ಎಂದು ಬರೆದರೆ ನಿಮಗೆ ಸಮಾಧಾನವಾದೀತು. ಹಾಗೆ ಮಾಡಲಿಲ್ಲ. ಬಿ.ಎ. ಮಕ್ಕಳಿಗೆ ನನ್ನ ದನಿ ಕೇಳಿಸಿದ್ದು ಇನ್ನೂ ಉರಿಯುತ್ತಿತ್ತು. ಒಪ್ಪಿಸಿಯೇಬಿಟ್ಟೆ. ಮರುದಿನ ಬಂದ ಜರ್ಮನ್ ಪರೀಕ್ಷಕರು ಅದನ್ನು ಓದಿ ಮೇಡಂ ಕಡೆ ಒಮ್ಮೆ ನೋಡಿದರು. ಮೇಡಂ ಕಿಟಕಿ ನೋಡಿದರು. ನನ್ನ ಓದು ಮುಗಿದಾಗ ಆ ಕಷ್ಟದ ಸ್ವರವನ್ನು ಎಲ್ಲಿ ಕಲಿತಿರಿ ಎಂದು ಪರೀಕ್ಷಕರು ಕೇಳಿದರು. ಹೂ ಕಟ್ಟುವ ಅಜ್ಜಿಯೊಬ್ಬಳಿಂದ ಅಂದೆ, ಮೇಡಂ ಹೆಸರು ಬೇಕೆಂದೇ ಹೇಳಲಿಲ್ಲ. ತರಗತಿಗೇ ಮೊದಲಿಗಳಾದೆ. ಸೇಡು ತೀರಿತು. ಬಸ್ಸಿನಲ್ಲಿ ನಿಲಕ್ಕೋಟ್ಟೈಗೆ ಬರುವಾಗ, ಇಷ್ಟು ದಿನ ಕಾದದ್ದು ಇಷ್ಟಕ್ಕೇನಾ ಅನ್ನಿಸಿತು.

ರಜೆಗೆ ದಾವಣಗೆರೆಗೆ ಹೋದೆ. ಅತ್ತಿಗೆಯ ತವರಿನವರು ಬಂದಿದ್ದರು. "ಉಂಡ್ರಾ? ಕೊಂಜ ಇರಿ, ಹಾಕ್ತೀನಿ" ಅಂದುಬಿಟ್ಟೆ. ಕೊಂಜ ಅಂದರೆ ಸ್ವಲ್ಪ. ಇಡೀ ನಡುಮನೆ ಘೊಳ್ಳೆಂದಿತು. ಒಬ್ಬಾಕೆಯಂತೂ ಸೆರಗು ಬಾಯಿಗೊತ್ತಿಕೊಂಡು ನನ್ನ ರಾಗವನ್ನು ಎಳೆದು ತೋರಿಸಿದಳು. "ನಿನ್ ಬಾಯಿಗೇನಾತೇ? ನೆಟ್ಟಗ ಮಾತಾಡು" ಎಂದು ಅಮ್ಮ ಅಡುಗೆಮನೆಗೆ ಎಳೆದುಕೊಂಡು ಹೋಗಿ ಗದರಿದಳು. ನಾನು ಹಟಕ್ಕೆ ಬಿದ್ದು ಎರಡು ವಾರವೂ ಅವ್ವನ ಮಾತನ್ನೇ ಆಡಿದೆ. ಅವರು ನಗುವುದು ನಿಲ್ಲಿಸಲಿಲ್ಲ. ನಕ್ಕವರ ಹೆಸರೆಲ್ಲ ನೆನಪಿಟ್ಟುಕೊಂಡಿದ್ದೇನೆ.

ಎರಡನೇ ವರ್ಷ ಶುರುವಾದಾಗ ಮೇಡಂ ಮತ್ತೆ ನಮ್ಮ ತರಗತಿಗೆ ಬಂದರು. ಕಾಗದದ ಪಟ್ಟಿ ಇಲ್ಲ, ಕನ್ನಡಿ ಇಲ್ಲ, ನನ್ನೊಂದಿಗೆ ಕನ್ನಡವೂ ಇಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ. ಮೂರು ತಿಂಗಳು ಹೀಗೇ ನಡೆಯಿತು. ಸ್ಟಾಫ್‌ರೂಮಿನಲ್ಲಿ ಕೇಳಿದ ಆ ನಾಲ್ಕು ಮಾತಿಗಾಗಿ ನಾನು ಬಾಗಿಲ ಬಳಿ ಸುಳಿದಾಡುತ್ತಿದ್ದೆ ಅಂದರೆ ನಂಬುತ್ತೀರಾ? ದಾವಣಗೆರೆಯಲ್ಲಿ ನಾನು ಮೇಡಂ ಕಡೆಯವಳು, ಮೇಡಂಗೆ ದಾವಣಗೆರೆಯವಳು.

ಕಳೆದ ವಾರ ತಡೆಯಲಾರದೆ ಒಳಗೆ ಹೋದೆ. "ಮೇಡಂ, ನನ್ ಪೇಚ್ಚು ಕೇಳಿ ನಮ್ಮೂರೋರು ನಕ್ಕರು" ಅಂದೆ.

ಅವರು ತಲೆಯೆತ್ತಿದರು. ಆಮೇಲೆ ಎದುರಿನ ಕುರ್ಚಿ ತೋರಿಸಿ, ಇನ್ನೊಮ್ಮೆ ಹೇಳು ಎಂದು ಜರ್ಮನ್‌ನಲ್ಲಿ ಅಂದರು. ಕೂತು, ಅದೇ ಮಾತನ್ನು ಅದೇ ಪೇಚ್ಚಿನಲ್ಲಿ ಹೇಳಿದೆ. ಇನ್ನೊಮ್ಮೆ ಅಂದರು. ಐದು ಸಲ ಹೇಳಿಸಿದರು. ಐದನೆಯದಕ್ಕೂ ನನ್ನ ರಾಗ ಸರಿ ಅನ್ನಲಿಲ್ಲ, ನಾಳೆ ಬಾ ಅಂದರು.