ದಲ್ಲಾಳಿ ಎಂದವಳು ನಾನು

ಗಿರಿಮಲ್ಲ ಕಾಕಾ ಅವರನ್ನು ದಲ್ಲಾಳಿ ಎಂದು ಮೊದಲು ಹೇಳಿದವಳು ನಾನೇ. ಆಸ್ಪತ್ರೆಯ ಕಾವಲುಗಾರ ಹುಟ್ಟಿಸಿದ ಮಾತದು ಎಂದು ಅವರು ಇಂದಿಗೂ ನಂಬಿದ್ದಾರೆ — ನಂಬಲಿ ಎಂದು ಸುಮ್ಮನಿದ್ದೇನೆ.

ಕಾಕಾ ಗೋಕಾಕ ಫಾಲ್ಸ್ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಅವರ ಕಾಲದಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಪಾಳಿ ಮುಗಿಸಿದವರೇ ದವಾಖಾನೆಗೆ ಒಯ್ಯುತ್ತಿದ್ದರಂತೆ. ಅದಕ್ಕೆ ಸೇವೆ ಎಂಬ ಹೆಸರಿರಲಿಲ್ಲ. ನಾನು ಸ್ವಯಂಸೇವಕಿಯಾಗುವ ಹೊತ್ತಿಗೆ ಗೋಕಾಕದ ಆಸ್ಪತ್ರೆಯೊಂದರಲ್ಲಿ ನಮ್ಮ ಸಂಸ್ಥೆ ಬೇರೂರಿತ್ತು — ನೀಲಿ ಜಾಕೀಟು, ಕೊರಳಲ್ಲಿ ಗುರುತಿನ ಚೀಟಿ, ಮೊಬೈಲಿನಲ್ಲಿ ಹಾಜರಿ, ಮಾಡಿದ್ದಕ್ಕೆಲ್ಲ ಫೋಟೊ. ಕಾಕಾ ಇದಾವುದೂ ಇಲ್ಲದೆ ದಿನವೂ ಬರುತ್ತಿದ್ದರು. ಕೆಲವು ರೋಗಿಗಳನ್ನಷ್ಟೇ ಬಾಜೂಕ್ಕೆ ಕರೆದು ಪಿಸುಗುಡುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಏನೂ ಸಿಗದೆ ಒಬ್ಬ ಮನುಷ್ಯ ಯಾಕೆ ಬರುತ್ತಾನೆ —

“ಅವರಿಗೆ ಏನ್ ಹೇಳ್ತೀರಿ ಕಾಕಾ?” ಎಂದು ಕೇಳಿಯೂ ಕೇಳಿದೆ.

“ಅವರ ಮಾತು ಅವರಿಗಷ್ಟ ಇರ್ಲಿ ಬಿಡವಾ.”

ಅಷ್ಟೇ ಸಾಕಾಯಿತು. ಸಂಸ್ಥೆಯ ಮೇಲಿನವರಿಗೆ ಹೇಳಿದೆ: “ಆ ಮುದುಕ ದಲ್ಲಾಳಿ ಅದಾನ್ರಿ. ಖಾಸಗಿ ದವಾಖಾನಿಗೆ ಪೇಷಂಟ್ ಕಳಸಾಕತ್ತಾನ.” ನೋಡಿರಲಿಲ್ಲ — ಊಹಿಸಿದ್ದೆ. ಮರುದಿನ ಕಾವಲುಗಾರ ಗೇಟಿನಲ್ಲಿ, ಜನರೆದುರೇ, ಅದೇ ಪದ ಬಳಸಿ ತಡೆದ. ಕಾಕಾ ಉತ್ತರಿಸದೆ ತಿರುಗಿ ಹೋದರು. ಕಳ್ಳನ ಮೌನ ಎಂದುಕೊಂಡೆ.

ಕೆಲವು ತಿಂಗಳ ನಂತರ ಮಸಗುಪ್ಪಿಯ ಹೆಣ್ಣುಮಗಳೊಬ್ಬಳು ಕಾಕಾರನ್ನು ಹುಡುಕಿ ಬಂದಳು. ಮೈಯಲ್ಲಿ ಎಲುಬಷ್ಟೇ ಉಳಿದಿತ್ತು.

“ಟಿ.ಬಿ. ಐತ್ರಿ. ಅತ್ತಿ ಮನ್ಯಾಗ ಗೊತ್ತಾದ್ರ ಹೊರಗ ಹಾಕ್ತಾರು. ಕಾಕಾ ಗುಳಿಗಿ ತಂದ್ ಕೊಡ್ತಿದ್ರು, ಅವರು ಬರೂದು ನಿಂತ ಮ್ಯಾಲ ಗುಳಿಗೀನೂ ನಿಂತಾವು. ಅವರಿಗೂ ಹಿಂದ ಇದ ಬ್ಯಾನಿ ಇತ್ತಂತ.”

ಕಾಕಾ ಅಂದು ಬಾಯಿ ಬಿಟ್ಟಿದ್ದರೆ ಅವರ ಮಾನ ಉಳಿಯುತ್ತಿತ್ತು — ಅವಳ ಸಂಸಾರ ಉಳಿಯುತ್ತಿರಲಿಲ್ಲ. ಗುಳಿಗೆ ಮತ್ತೆ ಶುರುಮಾಡಿಸಿದೆ. ತಡವಾಗಿತ್ತು. ಅವಳು ಬದುಕಲಿಲ್ಲ. ಹೆಸರನ್ನು ಇಲ್ಲೂ ಬರೆಯಲಾರೆ.

ನನ್ನ ಮಾತಿನಿಂದಾದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಸಂಸ್ಥೆ ನನಗೆ ಶಾಲು ಹೊದಿಸಿ ಸನ್ಮಾನಿಸಿತು, ಹುಕ್ಕೇರಿಯ ತಂಡಕ್ಕೆ ಮುಖ್ಯಸ್ಥೆಯಾಗಿ ಕಳಿಸಿತು. ಈಗ ಹೊಸಬರು ತಾವಾಗಿ ಬಂದು ನಿಂತರೂ, ಯಾಕೆ ಬಂದಿರಬಹುದು — ಎಂದೇ ನೋಡುತ್ತೇನೆ.

ಹೋದ ವಾರ ಅರಭಾವಿ ಬಸ್ಸಿನಲ್ಲಿ ಕಾಕಾ ಸಿಕ್ಕರು. ಮೂಡಲಗಿಯಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ದನಿ ತಗ್ಗಿಸಿ ಕೇಳಿದರು: “ನನ್ನ ಹುಡುಕಿ ನಿನ್ನ ಕಡೆ ಬಂದಿದ್ಲಂತ, ಆ ಮಸಗುಪ್ಪಿ ಹುಡುಗಿ ಹೆಂಗದಾಳವಾ?”

“ಚಲೋ ಅದಾಳ್ರಿ” ಎಂದುಬಿಟ್ಟೆ.

ಅವರ ಮುಖ ಅರಳಿತು.

ನಾಳೆ ಮೂಡಲಗಿಗೆ ಹೋಗಿ ಎರಡನ್ನೂ ಹೇಳಬೇಕು — ಮೊದಲು ಅವಳದ್ದು, ಆಮೇಲೆ ನನ್ನದು. ಅವರೆದುರು ನನ್ನ ಬಾಯಿ ಮತ್ತೆ ಸುಳ್ಳಾಡೀತು ಎಂಬ ಗುಮಾನಿ ನನಗಿದೆ. ಅದಕ್ಕೇ ಮೊದಲು ಇಲ್ಲಿ ಬರೆದಿದ್ದೇನೆ.