ದರ್ಜಿಯ ಡಿಸ್ಕಿನ ಎರಡನೆಯ ಭಾಗ

"ಎರಡನೇ ಭಾಗದಲ್ಲಿ ಏನೂ ಇಲ್ಲ, ಅಳಿಸಿ ಹೊಸದು ಮಾಡ್ಕೊಡಿ" ಎಂದು ದರ್ಜಿ ಡಿಸ್ಕ್ ಕೊಟ್ಟು ಹೋದಾಗಿನಿಂದ ಅವಳ ತಲೆಯಲ್ಲಿ ಹುಳ ಕೊರೆಯುತ್ತಿತ್ತು. ಏನಾದರೂ ಇದ್ದರೆ? ಅಳಿಸಿದ್ದು ಮರಳಿ ಬರುವುದಿಲ್ಲ.

ಕಂಪ್ಯೂಟರ್ ರಿಪೇರಿ ಅಂಗಡಿಯ ಆ ಹುಡುಗಿಗೆ ಬೀದಿಯವರಿಟ್ಟ ಹೆಸರು 'ಇನ್ನೊಂದ್ಸಲ'. ಹಾಕಿದ ಚಿಲಕವನ್ನು ಮತ್ತೆ ಎಳೆದು ನೋಡುವವಳು, ಮಲಗಿದ ತನ್ನ ಮಗುವಿನ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುವವಳು. ಬೆಳಗಿನಿಂದ ದರ್ಜಿಗೆ ಮೂರು ಸಲ ಫೋನ್ ಮಾಡಿ ಬೈಸಿಕೊಂಡಿದ್ದಳು.

ಅಳಿಸುವ ಆಜ್ಞೆಯನ್ನು ಟೈಪ್ ಮಾಡಿದ ಮೇಲೆ, ಎಂಟರ್ ಒತ್ತುವ ಮುನ್ನ, ಪಕ್ಕದಲ್ಲಿದ್ದವರಿಂದ ಓದಿಸುವುದು ಅವಳ ಪದ್ಧತಿ. ಮಗುವನ್ನೆತ್ತಿಕೊಂಡಿದ್ದ ಅತ್ತೆ ಕನ್ನಡಕ ಏರಿಸಿ, ಡಿಸ್ಕಿನ ಎರಡನೆಯ ಭಾಗಕ್ಕೆ ಯಂತ್ರವಿಟ್ಟ ಹೆಸರನ್ನು ಓದಿದರು.

"ಎಸ್ ಡಿ ಬಿ ಎರಡು. ಮಂತ್ರ ಮುಗೀತಲ್ಲ, ಒತ್ತೇ ಮಹಾತಾಯಿ!"

ಒತ್ತಿದಳು. ಪರದೆಯೇ ತಿರುಗಿ ಕೇಳಿತು: ಇಲ್ಲಿ 'ಪುಟ್ಟಿ' ಎಂಬ ಹೆಸರಿನ ಫೈಲ್ ಸಿಸ್ಟಮ್ ಇದೆ, ಆದರೂ ಮುಂದುವರಿಯಲೇ?

ಅಂದರೆ ಈ ಭಾಗ ಖಾಲಿಯಲ್ಲ. ಡಿಸ್ಕಿನ ಮೊದಲಲ್ಲಿ ಯಂತ್ರ ತನಗೆಂದೇ ಒಂದು ಸಣ್ಣ ಭಾಗ ಇಟ್ಟುಕೊಂಡಿರುತ್ತದೆ. ಅದು ದರ್ಜಿಯ ಕಣ್ಣಿಗೆ ಬಿದ್ದಿರಲಾರದು. ಹಾಗಾದರೆ ಅವನ ಎರಡನೆಯದು ಯಂತ್ರದ ಎಣಿಕೆಯಲ್ಲಿ ಮೂರನೆಯದಲ್ಲವೇ?

'ಬೇಡ' ಎಂದು ಉತ್ತರ ಕೊಟ್ಟು ಫೋನ್ ಎತ್ತಿಕೊಂಡಳು. ಬೆರಳು ಹಿಂಜರಿಯಿತು.

"ಬೈದ್ರೆ ಬೈಲಿ, ಮೈಗೇನು ಅಂಟ್ಕೊಳತ್ತಾ?" ಎಂದರು ಅತ್ತೆ.

"ಅಣ್ಣಾ, ಮತ್ತೆ ನಾನೇ. ಪುಟ್ಟಿ ಅಂದ್ರೆ ಯಾರು?"

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ನನ್ನ ಮಗಳು. ಅವಳು ಹುಟ್ಟಿದಾಗಿನ ಫೋಟೋ ಎಲ್ಲ ಮೊದಲನೇ ಭಾಗದಲ್ಲೇ ಇದೆ. ಮುಟ್ಟಿಲ್ಲ ತಾನೇ, ತಾಯೀ?"

"ಇಲ್ಲಣ್ಣ," ಎಂದಳು. "ಇನ್ನೂ ಮುಟ್ಟಿಲ್ಲ."