ಒಂದೇ ಕೂಸಿಗೆ ಒಡೆದ ಬಾಟಲಿ

ಕಮಲಾಪುರದ ಕಸ್ತೂರಿಬಾಯಿ ಕೆಂಪು ಬಾಳೆಹಣ್ಣು ಮಾರುವವಳು. ಬೆಳಗಿನ ಬಸ್ಸಿಗೆ ಬುಟ್ಟಿ ಹೇರಿಕೊಂಡು ಕಲಬುರಗಿಗೆ ಬರುತ್ತಾಳೆ, ಸೂಪರ್ ಮಾರ್ಕೆಟ್‌ನಲ್ಲಿ ಆಟೋದವರ ಬೈಗುಳದ ನಡುವೆ ಕೂರುತ್ತಾಳೆ. ನಮ್ಮ ಸಂಘಟನೆಯ ಧರಣಿಗಳಿಗೂ ಬರುತ್ತಿದ್ದಳು, ಘೋಷಣೆ ಕೂಗಲು ಅಲ್ಲ, ಹಣ್ಣು ಮಾರಲು. "ನೀವು ಕೂಗ್ರಿ. ಗಂಟಲ ಒಣಗಿದ ಮ್ಯಾಲೆ ನನ್ನ ಕಡಿ ಬರ್ರಿ" ಅನ್ನುತ್ತಿದ್ದಳು. ಅಂಥವಳು ಹೋದ ಚಳಿಗಾಲದಲ್ಲಿ ಒಬ್ಬಳೇ ಧರಣಿ ಕೂತಳು.

ಅವಳ ಮಗಳು ಪಂಚಶೀಲಾ ಶಹಾಬಜಾರದಲ್ಲಿ ಬಾಡಿಗೆಗಿದ್ದಾಳೆ, ನಂದೂರಿನ ದಾಲ್‌ಮಿಲ್ಲಿನಲ್ಲಿ ಕೂಲಿ. ಪಂಚಶೀಲಾಳ ಮಗ ಜೈಭೀಮನಿಗೆ ಆಗ ಹನ್ನೊಂದು ತಿಂಗಳು. ಒಂಬತ್ತು ತುಂಬಿದಾಗ ಹಾಕಿಸಬೇಕಿದ್ದ ದಡಾರದ ಚುಚ್ಚುಮದ್ದು ಆಗಿರಲಿಲ್ಲ. ಮೊದಲ ಸಲ ಆರೋಗ್ಯ ಕೇಂದ್ರಕ್ಕೆ ಹೋದಾಗ ಕೂಸಿಗೆ ನೆಗಡಿಯೆಂದು ವಾಪಸ್ ಕಳಿಸಿದರು. ಸಣ್ಣ ನೆಗಡಿಗೆ ಚುಚ್ಚುಮದ್ದು ನಿಲ್ಲಿಸಬೇಕಿಲ್ಲ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಎರಡನೇ ಸಲ, "ಒಂದೇ ಕೂಸದ, ಐದು ಕೂಸಿನ ಬಾಟಲಿ ಒಡೆಯಂಗಿಲ್ಲ, ಮುಂದಿನ ವಾರ ಬಾ." ಮುಂದಿನ ವಾರ ಮಿಲ್ಲಿನ ಮುಕಾದಮ ರಜೆ ಕೊಡಲಿಲ್ಲ. ಬಡವರ ಮಕ್ಕಳನ್ನು ಯಾರೂ ಕೊಲ್ಲುವುದಿಲ್ಲ, ಎಲ್ಲರೂ ನಾಳೆ ಬಾ ಅನ್ನುತ್ತಾರೆ ಅಷ್ಟೇ.

ಒಂದು ಶುಕ್ರವಾರ ಪಕ್ಕದ ಮನೆಯ ಮಸ್ತಾನಬಿ ತನ್ನ ಹುಡುಗಿಯನ್ನು ದೊಡ್ಡ ದವಾಖಾನೆಗೆ ಸೇರಿಸಿ ಬಂದು, ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು ಹೇಳಿದಳು: "ನಮ್ಮ ಹುಡುಗಿಗಿ ಗೊಬ್ಬರ ಬಂದದ. ನಿನ್ನಿ ನಿಮ್ಮ ಕೂಸು ಅಕಿ ಸಂಗಾಟೇ ಆಡ್ಯಾದ."

ದಡಾರಕ್ಕೆ ನಮ್ಮ ಕಡೆ ಗೊಬ್ಬರ ಅನ್ನುತ್ತಾರೆ. ಹುಡುಗಿಗೆ ಸುಡುವ ಜ್ವರ, ಕೆಮ್ಮು, ಕೆಂಪು ಕಣ್ಣು. ಕಿವಿಯ ಹಿಂದೆ ಎದ್ದ ದದ್ದು ಮುಖಕ್ಕೆ ಇಳಿದಿತ್ತು. ದದ್ದು ಕಾಣುವ ಮೊದಲೇ ಈ ರೋಗ ಹರಡಲು ಶುರುವಾಗಿರುತ್ತದೆ. ರೋಗಿ ಎದ್ದು ಹೋದ ಮೇಲೂ ಎರಡು ತಾಸು ಕೋಣೆಯ ಗಾಳಿಯಲ್ಲಿ ಕೂತಿರುತ್ತದೆ. ಜತೆಗೆ ಆಡಿದ ಕೂಸಿಗೆ ಮೂರು ದಿನದೊಳಗೆ ಚುಚ್ಚುಮದ್ದು ಬಿದ್ದರೆ ರೋಗ ತಪ್ಪಬಹುದೆಂದು ದವಾಖಾನೆಯ ಡಾಕ್ಟರ್ ಮಸ್ತಾನಬಿಗೆ ಹೇಳಿ ಕಳಿಸಿದ್ದರು.

ಮಾರ್ಕೆಟ್‌ನಿಂದ ಆಗಷ್ಟೇ ಮಗಳ ಮನೆಗೆ ಬಂದಿದ್ದ ಕಸ್ತೂರಿಬಾಯಿ ಮೊಮ್ಮಗನನ್ನು ಎತ್ತಿಕೊಂಡು, ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸದೆ, ಓಣಿಯ ಆರೋಗ್ಯ ಕೇಂದ್ರಕ್ಕೆ ಹೋದಳು. ಹಿಂದೆಯೇ ಓಡುತ್ತ ಪಂಚಶೀಲಾ ನನಗೆ ಫೋನ್ ಮಾಡಿದಳು. ನಾನು ತಲುಪಿದಾಗ ನರ್ಸ್ ಶಿವಕಾಂತಮ್ಮ ಹೇಳುತ್ತಿದ್ದಳು, "ಚುಚ್ಚೋ ದಿನ ಗುರುವಾರ, ಅವತ್ತ ಬಾ ಯವ್ವಾ."

"ಗುರುವಾರಕ್ಕ ಮೂರು ದಿನ ದಾಟ್ತಾವ್ರೀ ಅಕ್ಕೋರ."

"ಬಾಟಲಿ ಒಡದು ಮದ್ದು ಕಲಸಿದ್ರ ನಾಕು ತಾಸು ಅಷ್ಟೇ ಬರ್ತದ. ಉಳದದ್ದು ಚೆಲ್ಲಬೇಕು. ಪೋಲು ಮಾಡಿದಿ ಅಂತ ಮ್ಯಾಲಿನವರು ನನಗ ಬೈತಾರ."

"ನಾ ಒಂದು ಹಣ್ಣು ಕೇಳಿದವರಿಗೂ ಬಾಳಿಹಣ್ಣಿನ ಫಣಿ ಮುರದು ಕೊಡ್ತೀನಿ. ಉಳದದ್ದು ಕರ್ರಗಾದ್ರ ಎಮ್ಮಿಗಿ ಹಾಕ್ತೀನಿ. ಸರಕಾರ ನನಕಿಂತ ಬಡವ ಏನ್ರೀ?"

ಬುಟ್ಟಿ ಇಳಿಸಿ, ಹೊಸ್ತಿಲಿಗೆ ಅಡ್ಡ ಕೂತುಬಿಟ್ಟಳು. ಒಂದೇ ಮಗು ಬಂದರೂ ಬಾಟಲಿ ಒಡೆಯಿರಿ ಎನ್ನುವುದು ಸರಕಾರದ್ದೇ ಮಾತು. ನಾನು ಅದನ್ನು ಹೇಳಿದೆ. ಶಿವಕಾಂತಮ್ಮ ಮೇಲಿನವರಿಗೆ ಫೋನ್ ಹಚ್ಚಿದಳು. ಆ ಕಡೆಯಿಂದ ಬಂದದ್ದೂ ಗುರುವಾರವೇ. ಅವಳು ಕೆಟ್ಟವಳಲ್ಲ, ಹೆದರಿದವಳು. ಹೆದರಿಸಿದವರು ಫ್ಯಾನಿನ ಕೆಳಗೆ ಕೂತಿದ್ದರು.

"ಮಸ್ತಾನಬಿ ಹುಡುಗಿಗೂ ನೀವೇ ಹೀಂಗ ತಿರುಗಿ ಕಳಸೀರಿ" ಎಂದಳು ಕಸ್ತೂರಿಬಾಯಿ. "ಈಗ ಅಕಿ ಮೂಗಿಗಿ ಉಸಿರಿನ ನಳಗಿ ಹಚ್ಚ್ಯಾರ. ಯಾವುದು ಪೋಲಾತು, ಹೇಳ್ರಿ."

ಶಿವಕಾಂತಮ್ಮ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು, ಒಳಗೆ ಹೋಗಿ ಬಾಟಲಿ ತಂದು ಒಡೆದಳು. ಜೈಭೀಮ ಓಣಿಗೆ ಕೇಳುವ ಹಾಗೆ ಅತ್ತ.

"ಅಳಲಿ ಬಿಡ್ರಿ, ಅಜ್ಜಿ ಗಂಟಲ ಬಂದದ" ಎಂದಳು ಶಿವಕಾಂತಮ್ಮ. ಆಮೇಲೆ ಪಂಚಶೀಲಾಳತ್ತ ತಿರುಗಿ, "ಓಣ್ಯಾಗ ಹಾಕಿಸಲಾರದವು ಇದ್ರ ಕರಕೊಂಡ ಬಾ, ಲಗೂನ."

ಎರಡು ಕೂಸು ಸಿಕ್ಕವು. ಉಳಿದದ್ದನ್ನು ಚೆಲ್ಲಿದರು. ಆಕಾಶವೇನೂ ಬೀಳಲಿಲ್ಲ.

ಜೈಭೀಮನಿಗೆ ದಡಾರ ಬರಲಿಲ್ಲ. ಮಸ್ತಾನಬಿಯ ಹುಡುಗಿ ಬದುಕಿ ಮನೆಗೆ ಬಂದಳು. ಕಣ್ಣು ಉಳಿಯಲೆಂದು ವಿಟಮಿನ್ ಎ ಕುಡಿಸಿದ್ದರು, ಕಣ್ಣು ಉಳಿದಿವೆ. ಆದರೆ ಓಡಿದರೆ ಈಗಲೂ ಏದುತ್ತಾಳೆ. ಆ ಉಸಿರನ್ನು ಯಾವ ಸಾಹೇಬನೂ ಪೋಲಿನ ಲೆಕ್ಕಕ್ಕೆ ಹಿಡಿದಿಲ್ಲ.

ಒಂದೂವರೆ ವರ್ಷದ ಹೊತ್ತಿಗೆ ಎರಡನೇ ಚುಚ್ಚುಮದ್ದಿದೆ, ಎರಡೂ ಬಿದ್ದರೇ ಗಟ್ಟಿ ಕಾವಲು. ಮೊನ್ನೆ ಮಾರ್ಕೆಟ್‌ನಲ್ಲಿ ಕೇಳಿದೆ, "ಎರಡನೇದಕ್ಕ ಹೋದಾಗೂ ಒಂದೇ ಕೂಸದ ಅಂದ್ರ?"

ಕಸ್ತೂರಿಬಾಯಿ ಹಣ್ಣಿನ ಧೂಳು ಒರೆಸುತ್ತ ಅಂದಳು, "ಹೊಸ್ತಿಲ ಎಲ್ಲಿ ಹೋಗ್ತದ, ಅಲ್ಲೇ ಇರ್ತದಲ್ಲ."